ಡಿಸ್‌ಪ್ಲೇ ಬರ್ಲಿಲ್ಲ ಅಂದ್ರೆ ಮದರ್‌ಬೋರ್ಡೇ ಹೋಯ್ತಾ?

ತಿಕೋಟಾದಲ್ಲಿ ನಮ್ಮ ಕಾಕಾಂದೊಂದು ಝೆರಾಕ್ಸ್ ಅಂಗಡಿ. ಹೋದ ವಾರ ಕಂಪ್ಯೂಟರ್‌ಗೆ ಹಳೇ ರ‍್ಯಾಮ್ ಜೊತೆ ಇನ್ನೊಂದು ಹೊಸದು ಹಾಕಿದ್ದೇ ತಡ, ಫ್ಯಾನ್ ತಿರುಗುತ್ತೆ, ಮಾನಿಟರ್ ಮಾತ್ರ ಕಪ್ಪು. ಡಬ್ಬಿ ಹೊತ್ತುಕೊಂಡು ಬಸ್ಸಿನಲ್ಲಿ ವಿಜಯಪುರಕ್ಕೆ ಹೋದ. ಅಲ್ಲಿ ಬಿಚ್ಚಿಯೂ ನೋಡದೆ "ಮದರ್‌ಬೋರ್ಡ್ ಹೋಗೇತ್ರಿ" ಅಂದರಂತೆ. ರಾತ್ರಿ ನನಗೆ ಫೋನು: "ತಮ್ಮಾ, ಅರ್ಜಿ ತುಂಬಾಕ ಬಂದ ಮಂದಿ ವಾಪಸ್ ಹೊಂಟಾರಪಾ, ಏನ್ ಮಾಡ್ಲಿ?"

"ಕಾಕಾ, ಕರೆಂಟ್ ವೈರ್ ಕಿತ್ತು, ಹೊಸ ರ‍್ಯಾಮ್ ತಗದು, ಹಳೇದರಾಗ ಚಾಲೂ ಮಾಡು" ಅಂದೆ. ಡಿಸ್‌ಪ್ಲೇ ಬಂತು! ಬೋರ್ಡ್ ಸರಿ ಇದೆ ಅಂತಾಯ್ತಲ್ಲ. ಮತ್ತೆ ವೈರ್ ಕಿತ್ತು, ಹೊಸದನ್ನು ಟಕ್ ಅನ್ನೋವರೆಗೂ ಒತ್ತಿ ಕೂರಿಸಿದ. ಆಗಲೂ ಬಂತು. ಮೊದಲು ಅರ್ಧಂಬರ್ಧ ಕೂತಿತ್ತು, ಅಷ್ಟೇ.

ನಾನು ಹೇಳೋದಿಷ್ಟು: ಹೊಸದು ಹಾಕಿದ ಮೇಲೆ ಕೆಟ್ಟರೆ ಮೊದಲ ಅನುಮಾನ ಹೊಸದರ ಮೇಲೇ ಇರಲಿ. ಡಿಡಿಆರ್‌3 ಸ್ಲಾಟಿನಲ್ಲಿ ಡಿಡಿಆರ್‌4 ಕೂರೋದಿಲ್ಲ, ಅದರ ಕಚ್ಚೇ ಬೇರೆ ಕಡೆ. ಬಲವಂತ ಮಾಡಿದರೆ ಸ್ಲಾಟ್ ಮುರಿದೀತು. ಗ್ರಾಫಿಕ್ಸ್ ಕಾರ್ಡ್ ಹಾಕಿದವರು ಮಾನಿಟರ್ ಕೇಬಲ್ಲನ್ನು ಕಾರ್ಡಿಗೇ ಚುಚ್ಚಬೇಕು, ಬೋರ್ಡಿನ ಹಳೇ ಪೋರ್ಟಿಗಲ್ಲ.

ಇದಕ್ಕೆ ನನ್ನ ಬಿ.ಇ. ಡಿಗ್ರಿ ಬೇಕಿರಲಿಲ್ಲ, ಐದು ನಿಮಿಷದ ತಾಳ್ಮೆ ಸಾಕಿತ್ತು. ತಿಕೋಟಾ, ಬಬಲೇಶ್ವರದಿಂದ ಬಂದವರಿಗೆ ಇಂಥ ಒಂದು ತಪ್ಪು ಮಾತು ಅಂದ್ರೆ ಒಂದು ದಿನದ ದುಡಿಮೆ ಹೋದಂಗೆ, ಮೇಲೆ ಹೊಸ ಬೋರ್ಡಿನ ಖರ್ಚು. ರಿಪೇರಿ ಮಾಡೋರು ಬಿಚ್ಚಿ ನೋಡದೆ ತೀರ್ಪು ಕೊಡಬಾರದು. ಗೊತ್ತಿರೋ ನಾವು ಇಂಥದ್ದನ್ನ ಕನ್ನಡದಲ್ಲಿ ಬರೆದಿಡಬೇಕು. ಏನಂತೀರಿ?