ತಪ್ಪು ಹುಡುಗೀದಲ್ಲ, ನಕ್ಷಾದ್ದು

ಯಾರರ ಒಂದು ಅಡಗಿ ಬರದು ಕೊಡ್ತಾರ ಅಂದ್ರ, ಒಮ್ಮೆರ ಅದನ್ನ ಮಾಡಿ ಉಂಡಿರಬೇಕು. ಇಷ್ಟು ನಾವೆಲ್ಲಾರೂ ಒಪ್ತೀವಿ. ಆದ್ರ ಸರ್ಕೀಟಿನ ನಕ್ಷಾ ಬರದು ಹಂಚೋ ಮಂದಿಗೆ ಈ ನಿಯಮ ಯಾಕ ಇಲ್ಲ ಅಂತ ನನ್ನ ಸಿಟ್ಟು.

ಈಗ ನಮ್ಮ ಓಣ್ಯಾಗ ನಾಕು ಮನೀಗೆ ಒಂದು ಗಿಟಾರ್ ಅದ. ಎಲೆಕ್ಟ್ರಿಕ್ ಗಿಟಾರಿಗೂ ಸ್ಪೀಕರಿಗೂ ನಡುವ ಕಾಲಿಲೆ ಒತ್ತೋ ಒಂದು ಸಣ್ಣ ಡಬ್ಬಿ ಇರ್ತದಲ್ಲ, ಅದಕ್ಕ ಪೆಡಲ್ ಅಂತಾರ. ಒತ್ತಿದ್ರ ದನಿ ಒಡದು ಗುಂಯ್‌ಗುಡ್ತದ. 1966ರಾಗ ಲಂಡನ್ನಿನ ಆರ್ಬಿಟರ್ ಅನ್ನೋ ಕಂಪನಿ ‘ಫಝ್ ಫೇಸ್’ ಅಂತ ಒಂದು ಮಾಡಿತು. ಜಿಮಿ ಹೆಂಡ್ರಿಕ್ಸ್ ನುಡಿಸಿ ಹೆಸರಾದದ್ದು ಇದರ ಮ್ಯಾಲೇನ. ಒಳಗ ಎರಡs ಟ್ರಾನ್ಸಿಸ್ಟರ್, ಬೆರಳೆಣಿಕೆ ಸಾಮಾನು. ಹಿಂಗಾಗಿ ಮನ್ಯಾಗ ಮಾಡಲಿಕ್ಕೆ ಹೊಂಟ ಹುಡುಗರೆಲ್ಲಾ ಮೊದಲ ಇದಕ್ಕs ಕೈ ಹಚ್ಚತಾರ.

ನನ್ನ ನಾದಿನಿ ಮಗಳೂ ಹಚ್ಚಿದಳು. ಎರಡು ರಾತ್ರಿ ಕೂತು ಬೆಸುಗಿ ಹಾಕಿದಳು, ದನಿ ಬರಲಿಲ್ಲ. “ಮಾಮಿ, ನಂಗ ಇದು ಬರಂಗಿಲ್ಲ ಬಿಡು” ಅಂದು ಎಲ್ಲಾ ಡಬ್ಬ್ಯಾಗ ತುಂಬಿಟ್ಟಳು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದಾಕಿ. ಮದವಿ ಆದಮ್ಯಾಲೆ ಅದು ಮಿಕ್ಸರ್ ರಿಪೇರಿಗಷ್ಟ ಉಪಯೋಗ ಆಗೇದ. ಬೋರ್ಡ್ ನೋಡಿದೆ, ಆಕಿ ಬೆಸುಗಿ ಮುತ್ತಿನಂಗ ಇತ್ತು. ನಕ್ಷಾ ನೋಡಿದೆ, ಅದs ಹುಳುಕಿತ್ತು.

ಏನು ಹುಳುಕು? ಹಳೇ ಫಝ್ ಫೇಸಿನೊಳಗ ಜರ್ಮೇನಿಯಂದ ಪಿಎನ್‌ಪಿ ಟ್ರಾನ್ಸಿಸ್ಟರ್ ಇರ್ತಿದ್ವು, ಬ್ಯಾಟರಿ ಪ್ಲಸ್ಸs ಅದಕ್ಕ ಗ್ರೌಂಡ್. ಈಗ ಅಂಗಡ್ಯಾಗ ಸಿಗೋದು ಬಿಸಿ 547ರಂಥಾ ಸಿಲಿಕಾನ್ ಎನ್‌ಪಿಎನ್. ಅದನ್ನ ಹಾಕಿದ್ರ ಬ್ಯಾಟರಿ ದಿಕ್ಕು ತಿರುಗಬೇಕು, ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್ ದಿಕ್ಕೂ ತಿರುಗಬೇಕು. ನಕ್ಷಾ ಬರದಾಂವ ಟ್ರಾನ್ಸಿಸ್ಟರಿನ ಹೆಸರು ಬದಲಿಸಿದಾನ, ಉಳದದ್ದು ಹಂಗs ಬಿಟ್ಟಾನ. ಅದರ ಮ್ಯಾಲೆ “547 ಇಲ್ಲದಿದ್ರ 2ಎನ್3904 ಹಾಕ್ರಿ” ಅಂತ ಬರದಾನ. ಚಪ್ಪಟಿ ಮುಖ ನಮ್ಮ ಕಡೆ ಇಟ್ಟು ನೋಡಿದ್ರ ಒಂದರ ಎಡಗಾಲು ಕಲೆಕ್ಟರ್, ಇನ್ನೊಂದರದ್ದು ಎಮಿಟರ್. ಕಾಲು ಅದಲಿಬದಲಿ ಅಂತ ಒಂದು ಸಾಲು ಬರಿಲಿಕ್ಕೆ ಏನಾಗಿತ್ತು?

ಅಡಾಪ್ಟರ್‌ದ್ದೂ ಇದs ಹಾಡು. ಪೆಡಲಿನ ಅಡಾಪ್ಟರ್ ಪಿನ್ನಿನ ನಡುವ ಸಾಮಾನ್ಯ ಮೈನಸ್. ಮನ್ಯಾಗಿನ ಬ್ಯಾರೆ ಅಡಾಪ್ಟರಿಗೆ ಹೆಚ್ಚಾಗಿ ಪ್ಲಸ್. ಮಕ್ಕಳು ಕೈಗೆ ಸಿಕ್ಕದ್ದು ಚುಚ್ಚೋರs. ಉಲ್ಟಾ ಕರೆಂಟ್ ತಡಿಯೋ ಒಂದು ಸಣ್ಣ ಡಯೋಡ್, ನಾಕು ಕೊತ್ತಂಬರಿ ಕಡ್ಡಿ ಬೆಲಿ ಇಲ್ಲ ಅದಕ್ಕ. ಅದು ಎಷ್ಟೋ ನಕ್ಷಾದಾಗ ಇರಂಗಿಲ್ಲ.

ಇವೆಲ್ಲಾ ದುಡ್ಡಿನ ಹಾನಿ, ಮನಸ್ಸಿನ ಹಾನಿ. ನಾನು ಖರೇ ಹೆದರೋದು ಇನ್ನೊಂದಕ್ಕ. ಬ್ಯಾಟರಿ ಖರ್ಚು ಉಳೀತದ ಅಂತ ಟ್ರಾನ್ಸ್‌ಫಾರ್ಮರ್ ಇಲ್ಲದ, ಬರೇ ಒಂದು ಕೆಪ್ಯಾಸಿಟರ್ ಹಚ್ಚಿ 230 ವೋಲ್ಟನ್ನ 9ಕ್ಕ ಇಳಸೋ ನಕ್ಷಾ. ಅಗ್ಗದ ಎಲ್‌ಇಡಿ ಬಲ್ಬಿನ ಪ್ಲಾಸ್ಟಿಕ್ ಹೊಟ್ಟ್ಯಾಗ ಅದು ನಡೀತದ, ಯಾರೂ ಒಳಗ ಮುಟ್ಟಂಗಿಲ್ಲಲ್ಲ. ಗಿಟಾರ್ ಹಂಗಲ್ರೀ. ಅದರ ಕಬ್ಬಿಣದ ತಂತಿ ಸಾಮಾನ್ಯ ಸರ್ಕೀಟಿನ ಗ್ರೌಂಡಿಗೇನ ಕೂಡಿರ್ತದ. ಪ್ಲಗ್ ಹೆಂಗ ಕೂತದ ಅನ್ನೋದರ ಮ್ಯಾಲೆ ಗೋಡ್ಯಾಗಿನ ಕರೆಂಟು ಸೀದಾ ಹುಡುಗರ ಬೆರಳಿಗೆ. 1972ರಾಗ ಲೆಸ್ ಹಾರ್ವೆ ಅನ್ನೋ ಸ್ಕಾಟ್ಲೆಂಡಿನ ಗಿಟಾರಿಸ್ಟ್ ಸ್ವಾನ್ಸಿ ಊರಾಗ ವೇದಿಕೆ ಮ್ಯಾಲೇನ ಶಾಕ್ ಹೊಡದು ಸತ್ತ, ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ. ಕಾರಣ ಬ್ಯಾರೆ, ಖರೇ. ಆದ್ರ ದಾರಿ ಅದs. ಒಂದು ಕೈ ತಂತಿ ಮ್ಯಾಲೆ, ಇನ್ನೊಂದು ಕಡೆ ಕರೆಂಟ್.

“ಪುಕ್ಕಟೆ ಕೊಟ್ಟಾರ, ದಾನದ ಆಕಳ ಹಲ್ಲು ಎಣಸಬಾರದು” ಅಂತ ನಮ್ಮನಿಯವರು ಅಂದ್ರು. ಎಣಸಬಾರದು, ಒಪ್ಪತೀನಿ. ಆದ್ರ ಹಾಯೋ ಆಕಳನ್ನ ದಾನ ಕೊಡೋರು ಹಾಯ್ತದ ಅಂತರ ಹೇಳಬೇಕೋ ಬ್ಯಾಡೋ? “ನಾ ಇದನ್ನ ಮಾಡಿ ನೋಡಿಲ್ಲ” ಅಂತ ನಕ್ಷಾದ ಕೆಳಗ ಒಂದು ಸಾಲು ಬರೀಲಿ, ಸಾಕು. ಬಲ್ಲವರು ಹೆಂಗರ ತಿದ್ದಿಕೋತಾರ. ಹೊಸದಾಗಿ ಕಲಿಯೋರಿಗೆ ತಪ್ಪು ನಕ್ಷಾದ್ದೋ ತಮ್ಮದೋ ತಿಳಿಯಂಗಿಲ್ಲ. ಅದರಾಗೂ ಹೆಣ್ಣುಹುಡುಗ್ಯಾರು ತಮ್ಮದs ಅಂತ ಲಗೂ ನಂಬಿಬಿಡ್ತಾರ, ಯಾಕಂದ್ರ “ನಿನಗ್ಯಾಕ ಬೇಕವಾ ಇದು” ಅನ್ನೋರು ಮನ್ಯಾಗs ಇರ್ತಾರ.

ಅದಕ್ಕ ಅಕ್ಕಂದಿರ, ವೈನಿಗಳ, ನಿಮಗ ಸರ್ಕೀಟ್ ತಿಳೀಲಿಕ್ಕೇನೂ ಬೇಕಾಗಿಲ್ಲ. ಮಕ್ಕಳು ಕಾವಿ ಕಾಸೋಕಿಂತ ಮೊದಲ ಮೂರು ಮಾತು ಕೇಳ್ರಿ: ಇದನ್ನ ಯಾರರ ಮಾಡಿ ನುಡಿಸ್ಯಾರೇನು? ಟ್ರಾನ್ಸಿಸ್ಟರಿನ ಕಾಲು ಯಾವ್ಯಾವು ಅಂತ ಬರದಾರೇನು? ಕರೆಂಟ್ ಎಲ್ಲಿಂದ? ಮೂರನೇದಕ್ಕ “ಗೋಡ್ಯಾಗಿಂದ ಸೀದಾ” ಅಂದ್ರ ನಕ್ಷಾ ಹರದು ಒಲಿಗೆ ಹಾಕ್ರಿ, 9 ವೋಲ್ಟಿನ ಬ್ಯಾಟರಿ ನೀವs ತಂದು ಕೊಡ್ರಿ. ಮಗು ಸೋತು ಕೂತರ “ನಕ್ಷಾ ತೋರಸು” ಅನ್ರಿ, “ಬಿಟ್ಟುಬಿಡು” ಅನಬ್ಯಾಡ್ರಿ.