ಕುಡಿಯಲು ಯೋಗ್ಯ, ಯಂತ್ರಕ್ಕೆ ಅಯೋಗ್ಯ

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಎಂಬ ಮಾನದಂಡವಿದೆ. ಅದರ ಪ್ರಕಾರ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಒಳಿತು. ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೂ ಸಮ್ಮತಿಯುಂಟು. ಈ ಅಂಕಿಗಳು ಮನುಷ್ಯರಿಗಾಗಿ ನಿಗದಿಯಾದವು. ಯಂತ್ರದ ಮಿತಿ ಬೇರೆ. ಈಚೆಗೆ ಮನೆಗಳನ್ನು ಪ್ರವೇಶಿಸುತ್ತಿರುವ ಎಸ್ಪ್ರೆಸೊ ಕಾಫಿ ಯಂತ್ರವನ್ನು ಕೊಳ್ಳುವವರು ಮೊದಲು ಅರಿಯಬೇಕಾದದ್ದು ಈ ವ್ಯತ್ಯಾಸವನ್ನೇ.

ಎಸ್ಪ್ರೆಸೊ ಇಟಲಿಯ ಕೊಡುಗೆ. ಮಿಲಾನ್ ನಗರದ ಲುಯಿಜಿ ಬೆಜ್ಜೆರಾ 1901ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಕೋರಿದ. ಎರಡನೆಯ ಮಹಾಯುದ್ಧದ ಬಳಿಕ ಅದೇ ನಗರದ ಅಕಿಲ್ಲೆ ಗಾಜಿಯಾ ಹೆಚ್ಚಿನ ಒತ್ತಡದ ವಿಧಾನವನ್ನು ಬಳಕೆಗೆ ತಂದ. ಸುಮಾರು 90ರಿಂದ 96 ಡಿಗ್ರಿ ಸೆಲ್ಸಿಯಸ್ ಕಾವಿನ ನೀರನ್ನು ವಾಯುಮಂಡಲದ ಒತ್ತಡಕ್ಕಿಂತ ಒಂಬತ್ತು ಪಟ್ಟಿನಷ್ಟು ಒತ್ತಡದಲ್ಲಿ ನುಣುಪಾದ ಕಾಫಿಪುಡಿಯ ಮೂಲಕ ಹಾಯಿಸುವುದು ಇದರ ತತ್ತ್ವ. ಇದಕ್ಕಾಗಿ ಯಂತ್ರದೊಳಗೆ ಪಂಪು, ಪುಟ್ಟ ಬಾಯ್ಲರ್, ಕಿರಿದಾದ ಕೊಳವೆಗಳು ಮತ್ತು ಸೂಕ್ಷ್ಮ ಕವಾಟಗಳು ಇರುತ್ತವೆ.

ತೊಡಕು ಹುಟ್ಟುವುದು ಬಾಯ್ಲರಿನಲ್ಲಿ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ನೀರು ಕಾದಾಗ ಅದು ಒಡೆದು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿಯ ಪದರವಾಗಿ ಲೋಹಕ್ಕೆ ಅಂಟುತ್ತದೆ. ಪಠ್ಯಪುಸ್ತಕದಲ್ಲಿ ಮಕ್ಕಳು ಓದುವ ‘ತಾತ್ಕಾಲಿಕ ಗಡಸುತನ’ ಇದೇ. ನೀರು ಕಾಯಿಸುವ ಪಾತ್ರೆಯ ತಳದಲ್ಲೂ ಗೀಸರಿನ ಒಳಗೂ ಕಾಣುವ ಬಿಳಿ ಕಿಟ್ಟ ಇದರದೇ ರೂಪ. ರಾಯದುರ್ಗ, ಮಡಕಶಿರಾದಂಥ ಬರಸೀಮೆಯಲ್ಲಿ ಕೊಳವೆಬಾವಿಯ ಇಂಥ ನೀರನ್ನು ಉಪ್ಪುನೀರೆನ್ನುವುದು ವಾಡಿಕೆ. ಆದರೆ ಗಡಸುತನಕ್ಕೆ ಕಾರಣ ಅಡುಗೆಯ ಉಪ್ಪಲ್ಲ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ.

ಒಂದು ಸರಳ ಲೆಕ್ಕವನ್ನು ಮಾಡಬಹುದು. ತಾತ್ಕಾಲಿಕ ಗಡಸುತನ ಲೀಟರಿಗೆ 300 ಮಿಲಿಗ್ರಾಂ ಇರುವ ನೀರು ದಿನಕ್ಕೆ ಒಂದು ಲೀಟರಿನಂತೆ ಯಂತ್ರದ ಮೂಲಕ ಹಾದರೆ ವರ್ಷಕ್ಕೆ ಸುಮಾರು 110 ಗ್ರಾಂ ಸುಣ್ಣದ ಅಂಶ ಹಾದುಹೋಗುತ್ತದೆ. ಅದರ ಹತ್ತನೆಯ ಒಂದು ಪಾಲು ಒಳಗೆ ಉಳಿದರೂ 11 ಗ್ರಾಂ. ಕೂದಲೆಳೆಯಂಥ ದಾರಿಗಳನ್ನು ಮುಚ್ಚಲು ಅಷ್ಟು ಸಾಕು. ಪದರವು ಶಾಖವನ್ನು ತಡೆಯುವುದರಿಂದ ನೀರು ತಡವಾಗಿ ಕಾಯುತ್ತದೆ, ಕವಾಟಗಳು ಸರಿಯಾಗಿ ಮುಚ್ಚದೆ ಸೋರುತ್ತವೆ. ಮನೆಯ ಹಳೆಯ ಕಾಫಿ ಫಿಲ್ಟರಿಗೆ ಈ ಬಾಧೆ ಅಷ್ಟಾಗಿ ಇಲ್ಲ. ಅಲ್ಲಿ ನೀರು ಬೇರೆ ಪಾತ್ರೆಯಲ್ಲಿ ಕಾಯುತ್ತದೆ. ಕಿಟ್ಟ ಅಲ್ಲಿಯೇ ಉಳಿಯುತ್ತದೆ, ಕೈಯಿಂದ ತಿಕ್ಕಿ ತೆಗೆಯಬಹುದು.

ಒಂದೇ ಮಾದರಿಯ ಯಂತ್ರವು ಊರಿನಿಂದ ಊರಿಗೆ ಬೇರೆ ಬೇರೆ ಆಯುಷ್ಯ ಪಡೆಯುವುದು ಇದರಿಂದಲೇ. ಲಂಡನ್ನಿನ ನೀರು ಸೀಮೆಸುಣ್ಣದ ಬಂಡೆಗಳ ಪ್ರದೇಶದಿಂದ ಬರುವುದರಿಂದ ಗಡಸು. ಗ್ಲಾಸ್ಗೋ ನಗರಕ್ಕೆ 1859ರಿಂದ ನೀರುಣಿಸುತ್ತಿರುವ ಕ್ಯಾಟ್ರಿನ್ ಸರೋವರದ ನೀರು ಬಹಳ ಮೆದು. ಎರಡೂ ಕುಡಿಯಲು ಯೋಗ್ಯವಾದ ನೀರೇ. ಆದರೆ ಲಂಡನ್ನಿನ ಮನೆಯಲ್ಲಿ ಯಂತ್ರದ ಕಿಟ್ಟವನ್ನು ಪದೇ ಪದೇ ತೆಗೆಯಬೇಕಾಗುತ್ತದೆ.

ಹಾಗೆಂದು ಖನಿಜವೇ ಇಲ್ಲದ ನೀರು ಉತ್ತಮವೆಂದು ತಿಳಿಯಬಾರದು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕ್ರಿಸ್ಟೊಫರ್ ಹೆಂಡನ್ ಮತ್ತು ಕಾಫಿ ತಜ್ಞ ಮ್ಯಾಕ್ಸ್‌ವೆಲ್ ಕೊಲೊನಾ-ಡ್ಯಾಶ್‌ವುಡ್ 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಮೆಗ್ನೀಸಿಯಂ ಕಾಫಿಯ ರುಚಿಕಾರಕಗಳನ್ನು ನೀರಿಗೆ ಸೆಳೆಯಲು ನೆರವಾಗುತ್ತದೆಂದೂ ಬೈಕಾರ್ಬೊನೇಟ್ ಹೆಚ್ಚಾದರೆ ರುಚಿ ಕುಂದುತ್ತದೆಂದೂ ತಿಳಿಸಿತು. ಖನಿಜರಹಿತ ನೀರು ಲೋಹವನ್ನು ಕೊರೆಯಬಲ್ಲದು. ಬಾಯ್ಲರಿನ ನೀರಿನ ಮಟ್ಟವನ್ನು ವಿದ್ಯುತ್ ಹರಿವಿನಿಂದ ಅಳೆಯುವ ಯಂತ್ರಗಳಂತೂ ಇಂಥ ನೀರನ್ನು ಗುರುತಿಸಲಾರದೆ ಹೋಗಬಹುದು. ಆದ್ದರಿಂದ ಆರ್‌ಒ ನೀರಿಗೆ ಸ್ವಲ್ಪ ಮೂಲ ನೀರನ್ನು ಅಳೆದು ಬೆರೆಸುವುದು ಮಧ್ಯಮ ಮಾರ್ಗ.

ಆರ್‌ಒ ಮಾರುವವರು ತೋರಿಸುವ ಟಿಡಿಎಸ್ ಅಂಕಿಯನ್ನು ಗಡಸುತನವೆಂದು ಭ್ರಮಿಸಬಾರದು. ಆ ಪೆನ್ನು ಕರಗಿರುವ ಎಲ್ಲ ಲವಣಗಳನ್ನೂ ಒಟ್ಟಾಗಿ ಅಂದಾಜಿಸುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಎಷ್ಟೆಂದು ಹೇಳುವುದಿಲ್ಲ. ಗಡಸುತನವನ್ನು ಅಳೆಯಲು ಪರೀಕ್ಷಾ ಪಟ್ಟಿಗಳಿವೆ. ರಸಾಯನಶಾಸ್ತ್ರದ ಪ್ರಯೋಗಾಲಯಗಳಿಗೆ ಪರಿಚಿತವಾದ ಇಡಿಟಿಎ ಅನುಮಾಪನವೂ ಇದೆ. ದ್ರಾವಣ ಕೆಂಪಿನಿಂದ ನೀಲಿಗೆ ತಿರುಗಿದಾಗ ಉತ್ತರ ಸಿಗುತ್ತದೆ. ಮನೆಯ ನೀರಿನ ಲೆಕ್ಕವನ್ನು ಮನೆಯ ಮಕ್ಕಳೇ ಮಾಡಿ ತೋರಿಸಬಲ್ಲರು.

ಕಿಟ್ಟವನ್ನು ತೆಗೆಯಲು ಸಿಟ್ರಿಕ್ ಆಮ್ಲದ ತೆಳು ದ್ರಾವಣ ಬಳಕೆಯಲ್ಲಿದೆ. ಆದರೆ ಅಲ್ಯೂಮಿನಿಯಂ ಬಾಯ್ಲರಿಗೆ ಆಮ್ಲ ಹಾನಿ ಮಾಡಬಹುದಾದ್ದರಿಂದ ಯಂತ್ರದ ಕೈಪಿಡಿ ಹೇಳಿದ್ದನ್ನೇ ಅನುಸರಿಸಬೇಕು. ಪದರ ದಪ್ಪವಾಗುವವರೆಗೆ ಕಾದರೆ ಕಿತ್ತುಬಂದ ಚೂರುಗಳೇ ಕವಾಟವನ್ನು ಕಟ್ಟುತ್ತವೆ.

ಕೈಪಿಡಿಯ ಇನ್ನೊಂದು ಪುಟವೂ ಮುಖ್ಯ. ಸುಣ್ಣದ ಕಿಟ್ಟದಿಂದಾದ ಹಾನಿಗೆ ವಾರಂಟಿ ಅನ್ವಯಿಸದು ಎಂಬ ಷರತ್ತನ್ನು ಅನೇಕ ತಯಾರಕರು ಸಣ್ಣಕ್ಷರಗಳಲ್ಲಿ ಮುದ್ರಿಸುತ್ತಾರೆ. ಆ ಪುಸ್ತಿಕೆ ಕನ್ನಡದಲ್ಲಿರುವುದು ವಿರಳ. ಹಣ ಕೊಡುವ ಮೊದಲೇ ಆ ಪುಟವನ್ನು ಬಲ್ಲವರಿಂದ ಓದಿಸಿ ಅರ್ಥ ತಿಳಿದುಕೊಳ್ಳುವುದು ಕ್ಷೇಮ. ಯಂತ್ರ ಕೆಟ್ಟಾಗ ‘ನಿಮ್ಮ ನೀರಿನ ದೋಷ’ ಎಂಬ ಉತ್ತರ ಬಂದರೆ ಅದೇ ಅಂತಿಮ ತೀರ್ಪಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ.

ಆದರೆ ಆಯೋಗದ ಮುಂದೆ ಮಾತಿಗಿಂತ ಕಾಗದಕ್ಕೆ ಬೆಲೆ. ಖರೀದಿಯ ರಸೀದಿ, ವಾರಂಟಿ ಪತ್ರ, ದಿನಾಂಕ ನಮೂದಿಸಿದ ನೀರಿನ ಪರೀಕ್ಷಾ ವರದಿ, ಕಿಟ್ಟ ತೆಗೆದ ದಿನಗಳ ಟಿಪ್ಪಣಿ, ಈ ನಾಲ್ಕೂ ಒಂದೇ ಲಕೋಟೆಯಲ್ಲಿರಲಿ. ನೀರಿನ ವರದಿಯಲ್ಲಿ ಅಂಕಿ ತೀರ ಹೆಚ್ಚಿದ್ದರೆ ಯಂತ್ರವನ್ನೇ ಕೊಳ್ಳದಿರುವ ತೀರ್ಮಾನವೂ ಲಾಭದ್ದೇ. ಫಿಲ್ಟರ್ ಕಾಫಿಗೆ ಅದರಿಂದ ಯಾವ ಕೊರತೆಯೂ ಆಗುವುದಿಲ್ಲ.