ಮೈಸೂರಿನ ಹಣ, ಪರದೇಶದ ಗಾನ

ಮೈಸೂರಿನ ದೊರೆಗಳಾದ ಜಯಚಾಮರಾಜ ಒಡೆಯರು ರಷ್ಯದ ಸಂಗೀತಕರ್ತನೊಬ್ಬನ ಕೃತಿಗಳನ್ನು ಗ್ರಾಮೊಫೋನ್ ತಟ್ಟೆಗಳಲ್ಲಿ ಹಿಡಿಸುವುದಕ್ಕೆ ದ್ರವ್ಯಸಹಾಯ ಮಾಡಿದರೆಂದು ಮೂಗುಮುರಿಯುವ ಮಹನೀಯರು ಇಂದಿಗೂ ಇದ್ದಾರೆ. ಮನೆಯ ಮಕ್ಕಳಿಗೆ ಮಜ್ಜಿಗೆಯಿಲ್ಲದಾಗ ಬೀದಿಯವರಿಗೆ ಹಾಲೆರೆದಂತಾಯಿತೆಂಬುದು ಅವರ ವಾದ. ಕೇಳುವುದಕ್ಕೆ ಇಂಪಾದ ಈ ವಾದವು ವಿಚಾರಕ್ಕೆ ನಿಲ್ಲತಕ್ಕದ್ದಲ್ಲ.

ನಿಕೊಲಾಯ್ ಮೆಟ್ನರ್ ಎಂಬಾತನು 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, 1935ರಿಂದ ಲಂಡನ್ನಿನಲ್ಲಿ ನೆಲೆಸಿ, ಯುದ್ಧಕಾಲದ ಕಷ್ಟದಿಂದಲೂ ಹೃದ್ರೋಗದಿಂದಲೂ ಜರ್ಜರಿತನಾಗಿದ್ದವನು. 1946ರಲ್ಲಿ ಮಹಾರಾಜರ ನೆರವು ಒದಗಿತು. ಮುದ್ರಣಶಾಲೆಯಲ್ಲಿ ಆತನೇ ಪಿಯಾನೋ ಮುಂದೆ ಕುಳಿತನು. ಯೌವನದಲ್ಲಿ ಕೈಯಿಟ್ಟು ಮುಪ್ಪಿನಲ್ಲಿ ಮುಗಿಸಿದ, ಪಿಯಾನೋ ಹಾಗೂ ನಾಲ್ಕು ತಂತಿವಾದ್ಯಗಳ ಪಂಚಕವು ಕರ್ತೃವಿನ ಕೈಬೆರಳುಗಳಿಂದಲೇ ಹೀಗೆ ಉಳಿಯಿತು. 1951ರಲ್ಲಿ ಆತನು ತೀರಿಕೊಂಡನು. ಕೆಲವೇ ವರ್ಷ ತಡವಾಗಿದ್ದರೆ ಕಾಗದವುಳಿದು ನಾದವಳಿಯುತ್ತಿತ್ತು. ಇನ್ನು ಮಹಾರಾಜರು ಮನೆಯ ವಿದ್ಯೆಯನ್ನು ಮರೆತರೆನ್ನುವವರು, ಅವರು ಕರ್ಣಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದುದನ್ನು ತಾವೇ ಮರೆತಿರುವರು.

ಪರದೇಶದ್ದೆಂಬ ಮಾತೂ ವಿಚಿತ್ರವಾದುದು. ಪಿಟೀಲು ಎಲ್ಲಿಂದ ಬಂದಿತು? ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ ಕುಸಿಯುತ್ತಿರುವುದನ್ನು ಕಂಡು ಮರುಗುವ ಹಾಸನದವರು, ಕಮಾನು ಪರದೇಶದ್ದೆಂದು ಮರುಕವನ್ನು ತಡೆದುಕೊಳ್ಳುತ್ತಾರೆಯೆ?

ದೂರಬೇಕಾದದ್ದು ಬೇರೆಯೇ ಇದೆ. ಕೊರ್ತೊ, ತಿಬೊ, ಕಸಾಲ್ಸ್ ಎಂಬ ಮೂವರು ಪಿಯಾನೋ, ಪಿಟೀಲು, ಚೆಲ್ಲೊಗಳನ್ನು ಹಿಡಿದು 1926ರಲ್ಲಿ ಶೂಬರ್ಟನ, 1927ರಲ್ಲಿ ಮೆಂಡೆಲ್ಸೋನನ, 1928ರಲ್ಲಿ ಶೂಮನ್ನನ ತ್ರಿವಾದ್ಯಕೃತಿಗಳನ್ನು ಮುದ್ರಿಸಿದರು. ತಟ್ಟೆಯ ಒಂದು ಪಕ್ಕಕ್ಕೆ ನಾಲ್ಕು ನಿಮಿಷಕ್ಕಿಂತ ಬಹಳ ಹೆಚ್ಚಿಗೆ ಹಿಡಿಯದಿದ್ದ ಆ ಕಾಲದಲ್ಲಿ, ಅರ್ಧ ಗಂಟೆಯ ಕೃತಿಯನ್ನು ಪಕ್ಕದಿಂದ ಪಕ್ಕಕ್ಕೆ ಹಂಚಿ ಪೂರ್ಣವಾಗಿ ಹೊರತಂದರು. ಮೂವರ ಹೆಸರೂ ಸರಿಸಮವಾಗಿ ನಿಂತಿತು. ಅದೇ ಯಂತ್ರವು ಇಲ್ಲಿ ಮಾಡಿದ್ದೇನು? ಪಲ್ಲವಿಯಿಂದ ಚರಣದವರೆಗೆ ಮೂರು ನಿಮಿಷದ ಓಟ, ಆಲಾಪನೆಗೆ ಒಂದುಸಿರು, ನೆರವಲಿಗೆ ಎಡೆಯೇ ಇಲ್ಲ. ಪಿಟೀಲಿನವರ, ಮೃದಂಗದವರ ಹೆಸರು ಎಷ್ಟೋ ತಟ್ಟೆಗಳ ಮೇಲೆ ಕಾಣಿಸುವುದೇ ಇಲ್ಲ. ಅವರನ್ನು 'ಪಕ್ಕವಾದ್ಯ'ವೆಂದು ಕರೆದು ಪಕ್ಕಕ್ಕೆ ಸರಿಸಿದ್ದು ಯಾವ ಮಹಾರಾಜನೂ ಅಲ್ಲ, ಯಾವ ರಷ್ಯದವನೂ ಅಲ್ಲ.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಕಾವೇರಿಯ ದಡದಲ್ಲಿರುವ ಸಂಗೀತಗಾರರ ಊರು, ಆರ್. ಕೆ. ಶ್ರೀಕಂಠನ್ ಅವರು (1920-2014) ಅಲ್ಲಿಯವರು. ದೀರ್ಘಾಯುಷಿಗಳಾದ ಅವರ ಹಾಡಿಕೆ ಮುದ್ರಣಗಳಲ್ಲಿ ಉಳಿದಿದೆ. ಅವರ ಹಿರಿಯರ ಪೀಳಿಗೆಯು ಹತ್ತಾರು ಮಂದಿ ರಸಿಕರೆದುರಿಗೆ ಜಗಲಿಯಲ್ಲಿ ನಡೆಸಿದ ಗೋಷ್ಠಿಗಳ ನಾದದಲ್ಲಿ ಇಂದು ಕಿವಿಗೆ ಬೀಳುವುದೆಷ್ಟು? ಆಗ ಯಂತ್ರವು ದುರ್ಲಭವಾಗಿತ್ತೆಂಬ ಸಮಾಧಾನವುಂಟು. ಈಗ ಅದೂ ಇಲ್ಲ. ಗಂಟೆಗಟ್ಟಲೆ ಹಿಡಿಯುವ ಸಲಕರಣೆ ಪ್ರತಿಯೊಬ್ಬರ ಜೇಬಿನಲ್ಲಿದೆ. ಆದರೂ ಜಿಲ್ಲೆಯ ಉತ್ಸವಗಳಲ್ಲಿ ಧ್ವನಿವರ್ಧಕದ ಅಬ್ಬರವೇ ಹೊರತು, ಸಣ್ಣ ಕೋಣೆಯಲ್ಲಿ ಗಾಯಕ, ಪಿಟೀಲು, ಮೃದಂಗ ಮೂರನ್ನೂ ಸಮತೂಕದಲ್ಲಿ ಹಿಡಿದು, ಒಂದು ರಾಗವನ್ನು ಕೊನೆಯವರೆಗೆ ಕಾದಿಡುವ ಯೋಚನೆಯಿಲ್ಲ. ಅಂಥ ಒಂದು ಸಂಜೆಗೆ ಅರಮನೆಯ ಬೊಕ್ಕಸವೇನೂ ಬೇಕಾಗಿಲ್ಲ; ಸಭೆಯೊಂದರಲ್ಲಿ ಅತಿಥಿಗಳಿಗೆ ಹೊದಿಸುವ ಶಾಲುಗಳ ವೆಚ್ಚವೇ ಸಾಕು.